ನೋವಿಲ್ಲದ ಮಚ್ಚೆಯನ್ನು ಮುಚ್ಚಿಡಬೇಡಿ: ಕುಷ್ಠರೋಗವನ್ನು ಗುರುತಿಸುವುದು ಹೇಗೆ?



ನಮ್ಮ ಸಂಘಗಳ ವಾರದ ಸಭೆಯಲ್ಲಿ ಈಗ ಎಲ್ಲ ವಿಷಯವನ್ನೂ ಮಾತಾಡ್ತೇವೆ. ಉಳಿತಾಯ, ಸಾಲದ ಕಂತು, ಮಕ್ಕಳ ಓದು, ಬಿ.ಪಿ., ಸಕ್ಕರೆ ಕಾಯಿಲೆ ಯಾವುದಕ್ಕೂ ಮುಚ್ಚುಮರೆ ಇಲ್ಲ. ಆದರೆ ಒಂದು ಕಾಯಿಲೆಯ ಮಾತು ಬಂದರೆ ಮಾತ್ರ ಸಭೆ ಸುಮ್ಮನಾಗಿಬಿಡುತ್ತೆ. ಅದೇ ಕುಷ್ಠರೋಗ. ಕೆಲವರು ಅದರ ಹೆಸರನ್ನೂ ಬಾಯಲ್ಲಿ ಹೇಳೋದಿಲ್ಲ, 'ದೊಡ್ಡ ರೋಗ' ಅಂದು ಸುಮ್ಮನಾಗ್ತಾರೆ.

'ಆ ರೋಗ ಈಗೆಲ್ಲಿದೆ? ಹೋಯಿತಲ್ಲ!' ಅನ್ನುವವರೂ ಇದ್ದಾರೆ. 2005ರ ಡಿಸೆಂಬರ್‌ನಲ್ಲಿ ನಮ್ಮ ದೇಶದಲ್ಲಿ ಕುಷ್ಠರೋಗಿಗಳ ಸಂಖ್ಯೆ 10,000 ಜನರಿಗೆ ಒಬ್ಬರಿಗಿಂತ ಕಡಿಮೆಗೆ ಇಳಿಯಿತು. ಇದು ದೊಡ್ಡ ಸಾಧನೆಯೇ ಸರಿ. ಆದರೆ ಕಡಿಮೆ ಆಯಿತು ಅಂದರೆ ಇಲ್ಲವಾಯಿತು ಅಂತಲ್ಲ. 2023ರಲ್ಲಿ ಇಡೀ ಪ್ರಪಂಚದಲ್ಲಿ ಸುಮಾರು 1,82,000 ಹೊಸ ರೋಗಿಗಳು ಪತ್ತೆಯಾದರು. ಅವರಲ್ಲಿ 1 ಲಕ್ಷಕ್ಕೂ ಹೆಚ್ಚು ಜನ ಭಾರತದವರೇ. ಆದ್ದರಿಂದ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ನಮ್ಮ ಸಂಘಗಳ ಸದಸ್ಯರೂ ಈ ರೋಗವನ್ನು ಗುರುತಿಸುವ ಬಗೆ ತಿಳಿದಿರಬೇಕು. ಡಾಕ್ಟರು ಏನೇನು ನೋಡುತ್ತಾರೆ, ಚರ್ಮದ ಚೂರು ತೆಗೆದು ಪರೀಕ್ಷೆ ಮಾಡೋದು ಯಾಕೆ ಅನ್ನೋದು ಮೊದಲೇ ಗೊತ್ತಿದ್ದರೆ ಅರ್ಧ ಭಯ ಹೋಗುತ್ತೆ.

ಇದು ಶಾಪವಲ್ಲ, ರೋಗಾಣು

1873ರಲ್ಲಿ ನಾರ್ವೆ ದೇಶದ ವೈದ್ಯ ಹ್ಯಾನ್ಸೆನ್ ಅವರು ಈ ರೋಗಕ್ಕೆ ಕಾರಣವಾದ ರೋಗಾಣುವನ್ನು ಕಂಡುಹಿಡಿದರು. ಪಾಪದ ಫಲ, ಸರ್ಪದೋಷ, ರಕ್ತ ಕೆಟ್ಟಿದ್ದು, ವಂಶದಿಂದ ಬಂದಿದ್ದು ಎಂಬ ಮಾತುಗಳಿಗೆಲ್ಲ ಅಂದೇ ಉತ್ತರ ಸಿಕ್ಕಿತು. ಕ್ಷಯರೋಗದ ರೋಗಾಣುವಿನ ಜಾತಿಗೇ ಸೇರಿದ ಕಡ್ಡಿಯಾಕಾರದ ರೋಗಾಣು ಇದು. ಬಹಳ ನಿಧಾನ. ಒಂದು ಎರಡಾಗಲು ಸುಮಾರು ಎರಡು ವಾರ ಬೇಕು. ಅದಕ್ಕೇ ರೋಗಾಣು ದೇಹಕ್ಕೆ ಸೇರಿ ಸಾಮಾನ್ಯವಾಗಿ ಐದು ವರ್ಷದ ಮೇಲೆ, ಕೆಲವರಲ್ಲಿ ಇಪ್ಪತ್ತು ವರ್ಷವಾದ ಮೇಲೂ ಲಕ್ಷಣ ಕಾಣಿಸಿಕೊಳ್ಳುತ್ತೆ.

ಚಿಕಿತ್ಸೆ ಪಡೆಯದ ರೋಗಿಯ ಜೊತೆ ಬಹಳ ಕಾಲ ಹತ್ತಿರದಲ್ಲಿ ಇದ್ದವರಿಗೆ, ಉಸಿರಿನ ಮೂಲಕ ಹರಡುತ್ತೆ. ಮುಟ್ಟಿದ ಮಾತ್ರಕ್ಕೆ, ಜೊತೆಯಲ್ಲಿ ಕೂತು ಉಂಡ ಮಾತ್ರಕ್ಕೆ ಬರೋದಿಲ್ಲ. ನೂರಕ್ಕೆ ಸುಮಾರು 95 ಜನರ ದೇಹದಲ್ಲಿ ಇದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತೆ.

ಈ ರೋಗಾಣು ಹೋಗಿ ಕೂರೋದು ಚರ್ಮದಲ್ಲಿ ಮತ್ತು ಚರ್ಮಕ್ಕೆ ಹತ್ತಿರವಿರುವ ನರಗಳಲ್ಲಿ. ನರ ಹಾಳಾದರೆ ಸ್ಪರ್ಶ ತಿಳಿಯೋದಿಲ್ಲ, ಬಿಸಿ ತಣ್ಣಗೆ ತಿಳಿಯೋದಿಲ್ಲ, ನೋವು ತಿಳಿಯೋದಿಲ್ಲ. ಮೋಸ ಇರೋದು ಇಲ್ಲೇ. ಬೇರೆ ಕಾಯಿಲೆಗಳು ನೋವು ಕೊಟ್ಟು ನಮ್ಮನ್ನು ಆಸ್ಪತ್ರೆಗೆ ಓಡಿಸುತ್ತವೆ. ಇದು ನೋವನ್ನೇ ತೆಗೆದುಬಿಡುತ್ತೆ. ಹವಾಯಿ ದ್ವೀಪದ ಮೊಲೊಕಾಯಿಯಲ್ಲಿ ಕುಷ್ಠರೋಗಿಗಳ ಸೇವೆ ಮಾಡಿದ ಸಂತ ಡೇಮಿಯನ್ ಅವರು ಒಮ್ಮೆ ಕುದಿಯುವ ನೀರಿಗೆ ಕಾಲಿಟ್ಟರೂ ಬಿಸಿ ತಿಳಿಯಲಿಲ್ಲವಂತೆ. ರೋಗ ತಮಗೂ ತಗಲಿದೆ ಅಂತ ಅವರಿಗೆ ಅರಿವಾದದ್ದು ಹಾಗೆ ಎಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಆಗ ಔಷಧಿ ಇರಲಿಲ್ಲ. 1889ರಲ್ಲಿ ಅವರು ತೀರಿಕೊಂಡರು. ಈಗ ಔಷಧಿ ಇದೆ.

ಯಾವ ಮಚ್ಚೆ ತೋರಿಸಬೇಕು?

ಮೈಮೇಲೆ ಮಚ್ಚೆ ಬಂದ ತಕ್ಷಣ ಕುಷ್ಠರೋಗ ಅಂತ ಗಾಬರಿಯಾಗಬೇಡಿ. ಮಚ್ಚೆಗಳಲ್ಲಿ ನಾನಾ ಬಗೆ ಇದೆ.

ತೊನ್ನು: ಹಾಲಿನಂತೆ ಅಚ್ಚ ಬಿಳಿ. ಸ್ಪರ್ಶ ಚೆನ್ನಾಗಿ ತಿಳಿಯುತ್ತೆ. ತೊನ್ನಿಗೂ ಕುಷ್ಠರೋಗಕ್ಕೂ ಯಾವ ಸಂಬಂಧವೂ ಇಲ್ಲ.

ಚಿಬ್ಬು: ಎದೆ, ಬೆನ್ನು, ಕುತ್ತಿಗೆಯಲ್ಲಿ ಸಣ್ಣ ಸಣ್ಣ ಮಚ್ಚೆ. ಕೆರೆದರೆ ಹೊಟ್ಟಿನಂತೆ ಉದುರುತ್ತೆ.

ಹುಳುಕಡ್ಡಿ: ಉಂಗುರದಂತೆ ಇರುತ್ತೆ, ತುಂಬಾ ನವೆ.

ಹುಟ್ಟು ಮಚ್ಚೆ: ಹುಟ್ಟಿದಾಗಿನಿಂದ ಇದ್ದದ್ದು.

ಕುಷ್ಠರೋಗದ ಮಚ್ಚೆ ಸಾಮಾನ್ಯವಾಗಿ ತಿಳಿ ಬಿಳಿ, ತಾಮ್ರದ ಬಣ್ಣ ಅಥವಾ ಕೆಂಪಾಗಿರುತ್ತೆ. ನವೆ ಇಲ್ಲ, ನೋವಿಲ್ಲ. ಆ ಜಾಗದಲ್ಲಿ ಬೆವರು ಕಡಿಮೆ, ಕೂದಲು ಉದುರಿರಬಹುದು. ಮುಖ್ಯವಾಗಿ, ಅಲ್ಲಿ ಮುಟ್ಟಿದ್ದು ತಿಳಿಯೋದಿಲ್ಲ, ಜೋಮು ಹಿಡಿದಂತೆ ಇರುತ್ತೆ. ಹಾಗಾಗಿ ನಾವು ಒತ್ತಿ ಹೇಳೋದು ಇಷ್ಟೇ: ನವೆ ಇರುವ ಮಚ್ಚೆಯನ್ನು ನೀವು ಹೇಗೂ ತೋರಿಸುತ್ತೀರಿ, ನವೆಯೂ ಇಲ್ಲದ ನೋವೂ ಇಲ್ಲದ ಮಚ್ಚೆಯನ್ನು ತಪ್ಪದೆ ತೋರಿಸಿ.

ಮಚ್ಚೆ ಇಲ್ಲದೆಯೂ ಕೆಲವರಲ್ಲಿ ರೋಗ ಇರಬಹುದು. ಕೈಕಾಲು ಜೋಮು, ಚಪ್ಪಲಿ ಕಾಲಿಂದ ಜಾರಿದರೂ ಗೊತ್ತಾಗದಿರುವುದು, ಕಿರುಬೆರಳು ಮಡಚಿಕೊಳ್ಳುವುದು, ಕಣ್ಣು ಪೂರ್ತಿ ಮುಚ್ಚಲಾಗದಿರುವುದು, ಕಿವಿಯ ಹಾಲೆ ದಪ್ಪವಾಗಿ ಗಂಟಾಗುವುದು, ಹುಬ್ಬಿನ ಕೂದಲು ಉದುರುವುದು ಇವೂ ಲಕ್ಷಣಗಳೇ. ಒಲೆ ಮುಂದೆ ಕೈ ಸುಟ್ಟುಕೊಂಡು ಬೊಬ್ಬೆ ಎದ್ದ ಮೇಲೆ ಗೊತ್ತಾಯಿತು ಅಂದರೆ, ಹೊಗೆಸೊಪ್ಪು ಕಡ್ಡಿಗೆ ಕಟ್ಟುವಾಗ ಅಥವಾ ಶುಂಠಿ, ಆಲೂಗಡ್ಡೆ ಅಗೆಯುವಾಗ ಆದ ಗಾಯ ರಕ್ತ ನೋಡಿದ ಮೇಲೆ ತಿಳಿಯಿತು ಅಂದರೆ, 'ಕೆಲಸದ ಗಡಿಬಿಡಿ' ಅಂತ ಬಿಡಬೇಡಿ.

ಡಾಕ್ಟರು ಹೇಗೆ ಪರೀಕ್ಷೆ ಮಾಡುತ್ತಾರೆ?

ಮೊದಲ ಪರೀಕ್ಷೆಗೆ ದೊಡ್ಡ ಯಂತ್ರ ಏನೂ ಬೇಡ. ಹಗಲು ಬೆಳಕು, ಡಾಕ್ಟರ ಕಣ್ಣು, ಕೈ, ಒಂದು ಬಾಲ್ ಪೆನ್ ಸಾಕು.

ಒಂದು, ನೋಡುವುದು. ಇಡೀ ಮೈಯನ್ನು ನೋಡಬೇಕು. ಎಷ್ಟು ಮಚ್ಚೆ, ಎಲ್ಲೆಲ್ಲಿ, ಅಂಚು ಹೇಗಿದೆ ಅಂತ ಬರೆದುಕೊಳ್ಳುತ್ತಾರೆ.

ಎರಡು, ಸ್ಪರ್ಶ. ಮೊದಲು ಕಣ್ಣು ಬಿಟ್ಟಿರುವಾಗ ಪೆನ್ನಿನ ತುದಿ ಮುಟ್ಟಿಸಿ, ಏನು ಮಾಡುತ್ತೇವೆ ಅಂತ ತೋರಿಸುತ್ತಾರೆ. ಆಮೇಲೆ ಕಣ್ಣು ಮುಚ್ಚಿಸಿ, ಒಮ್ಮೆ ಒಳ್ಳೆಯ ಚರ್ಮ, ಒಮ್ಮೆ ಮಚ್ಚೆ ಮುಟ್ಟುತ್ತಾರೆ. ಮುಟ್ಟಿದ ಜಾಗವನ್ನು ನೀವು ಬೆರಳಿಂದ ತೋರಿಸಬೇಕು. ಮಚ್ಚೆಯ ಮೇಲೆ ಮುಟ್ಟಿದ್ದು ಮಾತ್ರ ಮತ್ತೆ ಮತ್ತೆ ತಿಳಿಯದಿದ್ದರೆ ಅದು ಬಲವಾದ ಲಕ್ಷಣ.

ಮೂರು, ನರ ಮುಟ್ಟಿ ನೋಡುವುದು. ಮೊಣಕೈ ಹಿಂದೆ, ಕುತ್ತಿಗೆಯ ಪಕ್ಕ, ಮೊಣಕಾಲಿನ ಹೊರಬದಿ, ಕಾಲಿನ ಒಳಗಿಣ್ಣಿನ ಹಿಂದೆ ಇರುವ ನರಗಳನ್ನು ಬೆರಳಲ್ಲಿ ಸವರಿ ನೋಡುತ್ತಾರೆ. ರೋಗ ಹಿಡಿದ ನರ ದಪ್ಪ ಹುರಿಯಂತೆ ಸಿಗುತ್ತೆ, ಕೆಲವೊಮ್ಮೆ ನೋಯುತ್ತೆ.

ನಾಲ್ಕು, ಶಕ್ತಿ. ಕಣ್ಣು ಬಿಗಿಯಾಗಿ ಮುಚ್ಚಿ, ಕಿರುಬೆರಳು ಅಗಲಿಸಿ, ಹೆಬ್ಬೆರಳು ಎತ್ತಿ, ಪಾದ ಮೇಲಕ್ಕೆತ್ತಿ ಅಂತ ಹೇಳುತ್ತಾರೆ. ನರ ಹಾಳಾಗಿದೆಯೋ ಇಲ್ಲವೋ ಇದರಿಂದ ತಿಳಿಯುತ್ತೆ.

ಸ್ಪರ್ಶ ಇಲ್ಲದ ಮಚ್ಚೆ. ಜೋಮು ಅಥವಾ ಬಲಹೀನತೆಯ ಜೊತೆಗೆ ದಪ್ಪವಾದ ನರ. ಚರ್ಮದ ದ್ರವದಲ್ಲಿ ರೋಗಾಣು. ಈ ಮೂರರಲ್ಲಿ ಒಂದು ಖಚಿತವಾಗಿ ಇದ್ದರೂ ಅದು ಕುಷ್ಠರೋಗ.

ಮನೆಯಲ್ಲೇ ಹತ್ತಿ ಅಥವಾ ಪೆನ್ನಿನ ತುದಿಯಿಂದ ಮುಟ್ಟಿ ನೋಡಿಕೊಳ್ಳಬಹುದು. ಸೂಜಿ ಚುಚ್ಚುವುದು, ಬೆಂಕಿ ತಾಗಿಸುವುದು ಮಾತ್ರ ಬೇಡವೇ ಬೇಡ. ಇನ್ನೊಂದು ಮಾತು: ಸ್ಪರ್ಶ ತಿಳಿಯಿತು ಅಂದಾಕ್ಷಣ ರೋಗ ಇಲ್ಲ ಅಂತ ನೀವೇ ತೀರ್ಮಾನ ಮಾಡಬೇಡಿ. ಮುಖದ ಮೇಲಿನ ಮಚ್ಚೆಯಲ್ಲಿ, ಮೈತುಂಬ ಇರುವ ಮಚ್ಚೆಗಳಲ್ಲಿ ಸ್ಪರ್ಶ ಉಳಿದಿರಬಹುದು. ಕೊನೆಯ ಮಾತು ಡಾಕ್ಟರದ್ದೇ.

ಒಂದು ಮಚ್ಚೆ ಮುಚ್ಚಿಟ್ಟರೆ ಲೆಕ್ಕ ತಪ್ಪುತ್ತೆ

ರೋಗ ಇದೆ ಅಂತ ಗೊತ್ತಾದ ಮೇಲೆ ಅದು ಯಾವ ಬಗೆ ಅಂತ ವಿಂಗಡಿಸಬೇಕು. ಆರೋಗ್ಯ ಕೇಂದ್ರಗಳಲ್ಲಿ ಇದನ್ನು ಎರಡು ಬಗೆ ಮಾಡುತ್ತಾರೆ.

ಪಿ.ಬಿ. ಬಗೆ: 1ರಿಂದ 5 ಮಚ್ಚೆ. ನರಕ್ಕೆ ತಗಲಿದ್ದರೂ ಒಂದೇ ನರ. ರೋಗಾಣು ಬಹಳ ಕಡಿಮೆ. ಚಿಕಿತ್ಸೆ 6 ತಿಂಗಳು.

ಎಂ.ಬಿ. ಬಗೆ: 6 ಅಥವಾ ಹೆಚ್ಚು ಮಚ್ಚೆ, ಅಥವಾ ಒಂದಕ್ಕಿಂತ ಹೆಚ್ಚು ನರಕ್ಕೆ ತಗಲಿದೆ, ಅಥವಾ ಪರೀಕ್ಷೆಯಲ್ಲಿ ರೋಗಾಣು ಸಿಕ್ಕಿದೆ. ಚಿಕಿತ್ಸೆ 12 ತಿಂಗಳು.

ಈಗ ಯೋಚನೆ ಮಾಡಿ. ಒಬ್ಬ ತಾಯಿ ನಾಚಿಕೆಯಿಂದ ತೋಳಿನ ಮೇಲಿನ ಎರಡು ಮಚ್ಚೆ ಮಾತ್ರ ತೋರಿಸಿ, ಬೆನ್ನು, ಸೊಂಟ, ತೊಡೆಯ ಮೇಲಿನ ಐದನ್ನು ಸೀರೆಯಲ್ಲಿ ಮುಚ್ಚಿಟ್ಟರು ಅಂದುಕೊಳ್ಳಿ. ಏಳು ಮಚ್ಚೆ ಇರುವವರು ಎರಡು ಮಚ್ಚೆಯವರಾಗಿ ಬಿಡುತ್ತಾರೆ. ವರ್ಷ ನುಂಗಬೇಕಾದ ಔಷಧಿ ಆರು ತಿಂಗಳಿಗೇ ನಿಲ್ಲುತ್ತೆ. ಸಂಘದ ಪುಸ್ತಕದಲ್ಲಿ ಒಂದು ವಾರದ ಉಳಿತಾಯ ಬರೆಯದಿದ್ದರೆ ಲೆಕ್ಕ ತಾಳೆಯಾಗುತ್ತಾ? ಇದೂ ಹಾಗೇ. ಡಾಕ್ಟರು ಎಷ್ಟೇ ಜಾಣರಾದರೂ ಮುಚ್ಚಿಟ್ಟಿದ್ದನ್ನು ಲೆಕ್ಕ ಹಾಕೋದಕ್ಕೆ ಆಗೋದಿಲ್ಲ.

ಅದಕ್ಕೆ ಪರೀಕ್ಷೆಗೆ ಹೋಗುವಾಗ ಸಂಘದ ಗೆಳತಿಯನ್ನೋ ಆಶಾ ಕಾರ್ಯಕರ್ತೆಯನ್ನೋ ಜೊತೆಗೆ ಕರೆದುಕೊಂಡು ಹೋಗಿ. ಪರದೆ ಹಾಕಿ, ನರ್ಸಮ್ಮ ಜೊತೆಯಲ್ಲಿರಲಿ ಅಂತ ಕೇಳಿ. ಹಾಗೆ ಕೇಳೋದು ನಿಮ್ಮ ಹಕ್ಕು.

ಚರ್ಮದ ದ್ರವದ ಪರೀಕ್ಷೆ ಮತ್ತು ಬಯಾಪ್ಸಿ

ಹೆಚ್ಚಿನವರಿಗೆ ಮೇಲಿನ ಪರೀಕ್ಷೆಯಲ್ಲೇ ರೋಗ ಗೊತ್ತಾಗಿಬಿಡುತ್ತೆ. ಸಂಶಯ ಉಳಿದಾಗ ಇನ್ನೆರಡು ಪರೀಕ್ಷೆಗಳಿವೆ.

ಚರ್ಮದ ದ್ರವದ ಪರೀಕ್ಷೆಯಲ್ಲಿ ಕಿವಿಯ ಹಾಲೆ, ಮಚ್ಚೆಯ ಅಂಚು ಮುಂತಾದ ಕಡೆ ಚರ್ಮವನ್ನು ಬೆರಳಲ್ಲಿ ಒತ್ತಿ ಹಿಡಿದು ಸಣ್ಣದಾಗಿ ಗೀರಿ, ಬಂದ ದ್ರವವನ್ನು ಗಾಜಿನ ಪಟ್ಟಿಗೆ ಸವರುತ್ತಾರೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರೋಗಾಣುಗಳು ಕೆಂಪು ಕಡ್ಡಿಗಳಂತೆ ಕಾಣುತ್ತವೆ. ಸಿಕ್ಕರೆ ಎಂ.ಬಿ. ಸಿಗದಿದ್ದರೆ ರೋಗವೇ ಇಲ್ಲ ಅಂತಲ್ಲ, ಪಿ.ಬಿ. ಬಗೆಯಲ್ಲಿ ಸಾಮಾನ್ಯವಾಗಿ ಸಿಗೋದೇ ಇಲ್ಲ.

ಬಯಾಪ್ಸಿ ಅಂದ ಕೂಡಲೇ ನಮ್ಮ ಜನ 'ಕ್ಯಾನ್ಸರ್' ಅಂತ ಹೆದರುತ್ತಾರೆ. ಬಯಾಪ್ಸಿ ಅಂದರೆ ಚರ್ಮದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುವುದು, ಅಷ್ಟೇ. ಮಚ್ಚೆಯ ಹತ್ತಿರ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಆಮೇಲೆ ಪೆನ್ನಿನಂಥ ಉಪಕರಣದಿಂದ ಸುಮಾರು 4 ಮಿ.ಮೀ. ಅಗಲದ, ಅಂದರೆ ಒಂದು ಮೆಣಸಿನ ಕಾಳಿನಷ್ಟು ಚರ್ಮ ತೆಗೆಯುತ್ತಾರೆ. ಬೇಕಾದರೆ ಒಂದು ಹೊಲಿಗೆ. ಅದೇ ದಿನ ಮನೆಗೆ ಬರಬಹುದು. ಗಾಯ ಒಣಗುವ ತನಕ ನೀರು, ಮಣ್ಣು, ಸಗಣಿ ತಾಗಿಸಬಾರದು. ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ಹೇಳಬೇಕು.

ತೆಗೆದ ಚೂರನ್ನು ಫಾರ್ಮಾಲಿನ್ ದ್ರವದ ಸೀಸೆಗೆ ಹಾಕಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಲ್ಲಿ ಮೇಣದಲ್ಲಿ ಕೂರಿಸಿ, ಕೂದಲಿಗಿಂತ ಎಷ್ಟೋ ತೆಳುವಾದ ಪದರಗಳಾಗಿ ಕತ್ತರಿಸಿ, ಬಣ್ಣ ಹಾಕಿ ನೋಡುತ್ತಾರೆ. ರೋಗಾಣು ಇದೆಯಾ? ನರದ ಸುತ್ತ ದೇಹದ ರಕ್ಷಣಾ ಕಣಗಳು ಹೇಗೆ ಗುಂಪು ಕಟ್ಟಿವೆ? ಇದನ್ನು ನೋಡಿ ರೋಗವೇ, ಅಲ್ಲವೇ, ಯಾವ ಬಗೆ ಅಂತ ಬರೆಯುತ್ತಾರೆ.

ವರದಿಯಲ್ಲಿ ಬೇರೆ ಅಕ್ಷರಗಳು ಕಂಡರೆ ಗಾಬರಿ ಬೇಡ. 1966ರಲ್ಲಿ ರಿಡ್ಲಿ ಮತ್ತು ಜಾಪ್ಲಿಂಗ್ ಎಂಬ ವೈದ್ಯರು ಈ ರೋಗವನ್ನು ಐದು ಮೆಟ್ಟಿಲಾಗಿ ವಿಂಗಡಿಸಿದರು: ಟಿ.ಟಿ., ಬಿ.ಟಿ., ಬಿ.ಬಿ., ಬಿ.ಎಲ್., ಎಲ್.ಎಲ್. ಇಲ್ಲಿ ಟಿ.ಟಿ. ಅಂದರೆ ಧನುರ್ವಾಯು ಇಂಜೆಕ್ಷನ್ ಅಲ್ಲ! ಮೊದಲ ಮೆಟ್ಟಿಲಲ್ಲಿ ದೇಹದ ತಡೆಶಕ್ತಿ ಜೋರಾಗಿರುತ್ತೆ. ಮಚ್ಚೆ ಒಂದೆರಡು, ರೋಗಾಣು ಸಿಗೋದೇ ಕಷ್ಟ. ಕೊನೆಯ ಮೆಟ್ಟಿಲಲ್ಲಿ ಆ ರೋಗಾಣುವನ್ನು ತಡೆಯುವ ಶಕ್ತಿ ಇರೋದೇ ಇಲ್ಲ. ರೋಗಾಣು ಲೆಕ್ಕವಿಲ್ಲದಷ್ಟು, ಮೈಯೆಲ್ಲ ಹರಡಿರುತ್ತೆ. ನಡುವಿನ ಮೂರು ಮೆಟ್ಟಿಲು ಒಂದು ಕಡೆ ನಿಲ್ಲುವುದಿಲ್ಲ, ಮೇಲೆ ಕೆಳಗೆ ಆಗಬಹುದು. ತೀರಾ ಮೊದಲ ಹಂತದ, ಇನ್ನೂ ಯಾವ ಬಗೆ ಅಂತ ಹೇಳಲಾಗದ ಮಚ್ಚೆಯೂ ಇರುತ್ತೆ.

ಹಾಗಾಗಿ ಡಾಕ್ಟರು ಕಣ್ಣಲ್ಲಿ ನೋಡಿ ಹೇಳಿದ ಬಗೆಯೂ ಬಯಾಪ್ಸಿ ಹೇಳಿದ ಬಗೆಯೂ ಕೆಲವೊಮ್ಮೆ ತಾಳೆಯಾಗೋದಿಲ್ಲ. 'ಒಬ್ಬರು ಒಂದು ಹೇಳ್ತಾರೆ, ಇನ್ನೊಬ್ಬರು ಇನ್ನೊಂದು' ಅಂತ ಬೇಸರಪಟ್ಟು ಆಸ್ಪತ್ರೆ ಬಿಡಬೇಡಿ. ಚೂರು ತೆಗೆದದ್ದು ಒಂದು ಮಚ್ಚೆಯಿಂದ, ಡಾಕ್ಟರು ನೋಡಿದ್ದು ಇಡೀ ಮೈಯನ್ನು. ಎರಡನ್ನೂ ಜೋಡಿಸಿ ತೀರ್ಮಾನ ಮಾಡುವುದೇ ಸರಿಯಾದ ಕ್ರಮ.

ಎಲ್ಲಿಗೆ ಹೋಗಬೇಕು, ಚಿಕಿತ್ಸೆ ಏನು?

ಮೊದಲು ಆಶಾ ಕಾರ್ಯಕರ್ತೆಗೆ ತಿಳಿಸಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಹೋಗಿ. ಸಂಶಯ ಇದ್ದರೆ ಅಲ್ಲಿಂದ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕಳಿಸಬಹುದು.

ಔಷಧಿಯ ಹೆಸರು ಎಂ.ಡಿ.ಟಿ., ಅಂದರೆ ಬಹು ಔಷಧಿ ಚಿಕಿತ್ಸೆ. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಾಜಿಮಿನ್ ಎಂಬ ಮೂರು ಔಷಧಿ ಸೇರಿದ, 28 ದಿನದ ಪಟ್ಟಿ. ಮೊದಲೆಲ್ಲ ಪಿ.ಬಿ. ಬಗೆಗೆ ಎರಡೇ ಔಷಧಿ ಇತ್ತು, 2025ರಿಂದ ನಮ್ಮ ದೇಶದಲ್ಲಿ ಎರಡೂ ಬಗೆಗೆ ಮೂರು ಔಷಧಿ. ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಉಚಿತ. ಮಾತ್ರೆ ಶುರುವಾದ ಸ್ವಲ್ಪ ದಿನಕ್ಕೇ ರೋಗ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತೆ. ಮನೆ ಬಿಡಬೇಕಿಲ್ಲ, ತಟ್ಟೆ ಲೋಟ ಬೇರೆ ಇಡಬೇಕಿಲ್ಲ. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಡಾಕ್ಟರ ಸಲಹೆಯಂತೆ ತಗೊಳ್ಳಬಹುದು.

ಮೂತ್ರ ಕೆಂಪಾದರೆ, ಚರ್ಮ ಕಪ್ಪಾದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ, ಆಮೇಲೆ ಹೋಗುತ್ತೆ. ಆದರೆ ಮೈಯೆಲ್ಲ ದದ್ದು, ಜ್ವರ, ಕಣ್ಣು ಹಳದಿಯಾದರೆ ಕೂಡಲೇ ಡಾಕ್ಟರ ಬಳಿ ಹೋಗಿ. ಮಚ್ಚೆ ದಿಢೀರನೆ ಕೆಂಪಾಗಿ ಊದಿಕೊಂಡರೆ, ನರ ನೋಯತೊಡಗಿದರೆ, ಕೈಕಾಲಿನ ಶಕ್ತಿ ಕುಂದಿದರೆ ಅದನ್ನು 'ರಿಯಾಕ್ಷನ್' ಅನ್ನುತ್ತಾರೆ. ಬಾಣಂತನದಲ್ಲಿ ಇದು ಬರುವ ಸಂಭವ ಇದೆ. ಎಂ.ಡಿ.ಟಿ. ನಿಲ್ಲಿಸದೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ನರದ ಶಕ್ತಿ ಹೋಗಿ ಆರು ತಿಂಗಳ ಒಳಗಾದರೆ ಔಷಧಿಯಿಂದ ವಾಪಸ್ಸು ಬರುವ ಸಾಧ್ಯತೆ ಹೆಚ್ಚು. ತಡವಾದರೆ ರೋಗಾಣು ಸಾಯುತ್ತೆ, ಆದರೆ ಹೋದ ಸ್ಪರ್ಶ ಬಾರದೇ ಇರಬಹುದು. ಬೆರಳು ಸೊಟ್ಟಗಾಗುವುದು, ಕಾಲಲ್ಲಿ ಹುಣ್ಣಾಗುವುದು ತಡ ಮಾಡಿದ್ದರ ಫಲ.

ಕಾನೂನು ನಿಮ್ಮ ಪರ ಇದೆ

'ಹೇಳಿದರೆ ಗಂಡ ಬಿಟ್ಟುಬಿಟ್ಟರೆ?' ಈ ಭಯದಿಂದಲೇ ಎಷ್ಟೋ ಹೆಣ್ಣುಮಕ್ಕಳು ಬಾಯಿ ಬಿಡೋದಿಲ್ಲ. ತಿಳಿದುಕೊಳ್ಳಿ: ಕುಷ್ಠರೋಗ ಇದೆ ಅಂತ ವಿಚ್ಛೇದನ ಕೇಳಲು ಹಿಂದೆ ಕಾನೂನಿನಲ್ಲಿ ಅವಕಾಶ ಇತ್ತು. 2019ರಲ್ಲಿ ಸಂಸತ್ತು ಅದನ್ನು ತೆಗೆದುಹಾಕಿತು. ಹಿಂದೂ, ಕ್ರೈಸ್ತ, ಮುಸ್ಲಿಂ ಯಾರ ವಿವಾಹ ಕಾನೂನಿನಲ್ಲೂ ಈಗ ಅದು ಕಾರಣವಲ್ಲ. ರೋಗಿಗಳನ್ನು ಬೇರೆ ಇಡುವ 1898ರ ಕಾನೂನು 2016ರಲ್ಲಿ ರದ್ದಾಗಿದೆ. ಗುಣವಾದ ಮೇಲೂ ಅಂಗವೈಕಲ್ಯ ಉಳಿದವರು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೌಲಭ್ಯ ಪಡೆಯಬಹುದು.

ಸಂಘ ಏನು ಮಾಡಬಹುದು?

ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು 1890ರಲ್ಲೇ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಬೆಂಗಳೂರಿನ ಸುಮನಹಳ್ಳಿಯಲ್ಲಿ ಧರ್ಮಸಭೆಯ ಸೇವೆ ಇಂದಿಗೂ ನಡೆದಿದೆ. ಆದರೆ ಇಂದು ರೋಗಿಗೆ ಬೇಕಾದದ್ದು ಬೇರೆ ಮನೆಯಲ್ಲ, ತನ್ನ ಮನೆಯಲ್ಲೇ, ತನ್ನ ಸಂಘದಲ್ಲೇ ಜಾಗ. ಆದ್ದರಿಂದ ಈ ಕೆಲಸಗಳನ್ನು ನಾವೆಲ್ಲ ಸೇರಿ ಮಾಡೋಣ.

• ಜನವರಿ 30ರ ಕುಷ್ಠರೋಗ ವಿರೋಧಿ ದಿನದ ಹತ್ತಿರದ ಸಭೆಯಲ್ಲಿ ಈ ಪತ್ರವನ್ನು ಓದಿ, ಓದು ಬಾರದವರಿಗೆ ಹೇಳಿ.

• ಸ್ನಾನ ಮಾಡುವಾಗ ನಿಮ್ಮ ಮೈ, ಮಕ್ಕಳ ಮೈ ನೋಡಿ. ಬೆನ್ನನ್ನು ಮನೆಯವರಿಂದ ನೋಡಿಸಿ.

• ಮನೆಯಲ್ಲಿ ಒಬ್ಬರಿಗೆ ರೋಗ ಕಂಡರೆ ಉಳಿದವರೂ ಪರೀಕ್ಷೆ ಮಾಡಿಸಿ. ರೋಗ ತಡೆಯಲು ಒಂದು ಸಲ ನುಂಗುವ ಮಾತ್ರೆ ಅವರಿಗೆ ಕೊಡುತ್ತಾರೆ.

• ಮನೆ ಮನೆಗೆ ಪತ್ತೆಗೆ ಬಂದ ಆಶಾ ಕಾರ್ಯಕರ್ತೆಗೆ 'ನಮ್ಮನೇಲಿ ಯಾರಿಗೂ ಇಲ್ಲ' ಅಂತ ಬಾಗಿಲಲ್ಲೇ ಹೇಳಿ ಕಳಿಸಬೇಡಿ.

• ಸದಸ್ಯೆಯೊಬ್ಬರಿಗೆ ರೋಗ ಬಂದರೆ ಸಂಘದಿಂದ ತೆಗೆಯಬೇಡಿ, ಸಾಲ ನಿಲ್ಲಿಸಬೇಡಿ, ಊರಲ್ಲಿ ಆಡಿಕೊಳ್ಳಬೇಡಿ. ಮಾತ್ರೆ ಪಟ್ಟಿ ಮುಗಿಯುವ ದಿನ ನೆನಪಿಸಿ, ಜೊತೆಗೆ ಹೋಗಿ.

• ಸ್ಪರ್ಶ ಹೋದ ಕಾಲಿಗೆ ಆಸ್ಪತ್ರೆಯಲ್ಲಿ ಕೊಡುವ ಮೆತ್ತನೆಯ ಎಂ.ಸಿ.ಆರ್. ಚಪ್ಪಲಿ ಉಚಿತ. ಕೇಳಿ ಪಡೆಯಿರಿ. ಬಿಸಿ ಪಾತ್ರೆಯನ್ನು ಬಟ್ಟೆ ಹಿಡಿದೇ ಇಳಿಸಿ, ರಾತ್ರಿ ಕೈಕಾಲು ನೋಡಿಕೊಂಡು ಮಲಗಿ.

ಶುಭಸಂದೇಶದಲ್ಲಿ ಯೇಸುಸ್ವಾಮಿ ಕುಷ್ಠರೋಗಿಯನ್ನು ದೂರದಿಂದ ಆಶೀರ್ವದಿಸಿ ಕಳಿಸಲಿಲ್ಲ, ಕೈ ಚಾಚಿ ಮುಟ್ಟಿದರು. ಇಂದು ಡಾಕ್ಟರು ಈ ರೋಗವನ್ನು ಕಂಡುಹಿಡಿಯುವುದೂ ಮುಟ್ಟಿಯೇ. ಮುಟ್ಟಲು ಹೆದರದ ಕೈ, ತೋರಿಸಲು ನಾಚದ ಮನಸ್ಸು ಎರಡೂ ಇದ್ದರೆ ಯಾರೂ ಬೆರಳು ಕಳೆದುಕೊಳ್ಳಬೇಕಾಗಿಲ್ಲ.

ಬೇಗ ತೋರಿಸಿ, ಪೂರ್ತಿ ತೋರಿಸಿ, ಪೂರ್ತಿ ಮಾತ್ರೆ ನುಂಗಿ.